ಫ್ರಾನ್ಸಿನ ಹಳೆ ಶಾತೋ ಕೊಳ್ಳುವ ಮುನ್ನ ಅಟ್ಟ ಹತ್ತಿ ನೋಡಿ

ಪ್ರಶ್ನೆ: ಹನ್ನೆರಡು ವರ್ಷದಿಂದ ತುಲೂಸ್‌ನಲ್ಲಿದ್ದೇವೆ, ಇಬ್ಬರಿಗೂ ಕೆಲಸವಿದೆ. ಲಿಮೂಜ್ ಪಟ್ಟಣದಿಂದ ಒಂದು ಗಂಟೆ ದೂರದಲ್ಲಿ ಒಂದು ಹಳೆ ಶಾತೋ, ಅಂದರೆ ಹಳ್ಳಿಗಾಡಿನ ದೊಡ್ಡ ಬಂಗಲೆ, ಮಾರಾಟಕ್ಕಿದೆ. ಎರಡು ಅಂತಸ್ತು, 620 ಚದರ ಮೀಟರ್, ಸ್ಲೇಟಿನ ಚಾವಣಿ, 9 ಹೆಕ್ಟೇರ್ ಜಮೀನು, ಬೆಲೆ 6.9 ಲಕ್ಷ ಯೂರೊ. ‘ಮುಂಭಾಗ ಮತ್ತು ಚಾವಣಿ ಆಂಸ್ಕ್ರಿ’, ಅಂದರೆ ರಕ್ಷಿತ ಸ್ಮಾರಕದ ಪಟ್ಟಿಯಲ್ಲಿವೆ, ಎಂದು ಜಾಹೀರಾತಿನಲ್ಲಿದೆ. ಬೆಂಗಳೂರಿನ ಸೈಟು ಮಾರಿದರೆ ಅರ್ಧದಷ್ಟು ಹಣ ಹೊಂದುತ್ತದೆ. ಅಲ್ಲೇ ನೆಲೆಸಿ, ಧಾರವಾಡದಲ್ಲಿರುವ ಅಪ್ಪ ಅಮ್ಮನನ್ನು ವರ್ಷಕ್ಕೊಮ್ಮೆ ಕರೆಸಿಕೊಳ್ಳುವ ಆಸೆ. ಕೊಳ್ಳಬಹುದೇ? ಏನೇನು ನೋಡಬೇಕು?

ಉತ್ತರ: ಕೊಳ್ಳಬಹುದು. ವಿದೇಶಿಯರು ಮನೆ ಕೊಳ್ಳಲು ಫ್ರಾನ್ಸಿನಲ್ಲಿ ಅಡ್ಡಿಯಿಲ್ಲ. ಆದರೆ ಜಾಹೀರಾತಿನ 6.9 ಲಕ್ಷವನ್ನೇ ಮನೆಯ ಬೆಲೆ ಎಂದುಕೊಂಡರೆ ಕೈ ಕಚ್ಚುತ್ತದೆ. ಇಷ್ಟು ದೊಡ್ಡ ಕಟ್ಟಡ ತುಲೂಸಿನ ಒಂದು ಒಳ್ಳೆಯ ಮನೆಯ ಬೆಲೆಗೆ ಸಿಗುತ್ತಿದೆಯೆಂದರೆ, ಮುಂದಿನ ಖರ್ಚನ್ನು ಕೂಡಿಸಿ ನೋಡಿದವರು ಆಗಲೇ ಹಿಂದೆ ಸರಿದಿರುತ್ತಾರೆ. ಆ ಕೂಡಿಸುವ ಕೆಲಸವನ್ನು ಸಹಿ ಹಾಕುವ ಮೊದಲೇ ನೀವೂ ಮಾಡಬೇಕು.

ಮೊದಲು ಹೆಸರಿನ ವಿಷಯ. ಶಾತೋ ಎಂಬ ಪದಕ್ಕೆ ಮಾರುವವರಲ್ಲಿ ಮಿತಿಯಿಲ್ಲ. ಕಂದಕ, ಬುರುಜು ಇರುವ ಮಧ್ಯಯುಗದ ಕೋಟೆಯೂ ಶಾತೋ, 1870ರ ಸುಮಾರಿಗೆ ಹಣವಂತನೊಬ್ಬ ಗೋಪುರ ಅಂಟಿಸಿ ಕಟ್ಟಿಸಿದ ಬಂಗಲೆಯೂ ಶಾತೋ. ಹಳೆಯ ಗಟ್ಟಿ ಮನೆಗೆ 19ನೇ ಶತಮಾನದಲ್ಲಿ ಹೊಸ ರೆಕ್ಕೆ ಸೇರಿಸಿರುವುದೂ ಸಾಮಾನ್ಯ. ಯಾವುದನ್ನು ಯಾವಾಗ ಕಟ್ಟಿದರು ಎಂಬುದು ಬರೀ ಇತಿಹಾಸದ ಕುತೂಹಲವಲ್ಲ. ಬೇರೆ ಬೇರೆ ಕಾಲದ ಎರಡು ಗೋಡೆ ಕೂಡುವ ಕಡೆಯೇ ಬಿರುಕು ಬಿಡುವುದು, ಅಲ್ಲೇ ಮಳೆ ಒಳಗಿಳಿಯುವುದು. ಆ ಸಂದುಗಳು ಎಲ್ಲೆಲ್ಲಿವೆ ಎಂದು ಮೊದಲ ಭೇಟಿಯಲ್ಲೇ ಗುರುತು ಹಾಕಿಕೊಳ್ಳಿ.

ಇನ್ನು ‘ಆಂಸ್ಕ್ರಿ’. ಫ್ರಾನ್ಸಿನ ಸ್ಮಾರಕ ಕಾನೂನಿಗೆ 1913ರ ಡಿಸೆಂಬರ್ 31ರ ಕಾಯ್ದೆಯೇ ಬುನಾದಿ. ಅದರಲ್ಲಿ ಎರಡು ದರ್ಜೆ: ಬಿಗಿಯಾದದ್ದು ‘ಕ್ಲಾಸೆ’, ಸ್ವಲ್ಪ ಸಡಿಲವಾದದ್ದು ‘ಆಂಸ್ಕ್ರಿ’. ಸಂಸ್ಕೃತಿ ಇಲಾಖೆಯ ‘ಮೆರಿಮೆ’ ದತ್ತಸಂಚಯ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಊರಿನ ಹೆಸರು ಕೊಟ್ಟರೆ ಕಟ್ಟಡದ ಯಾವ ಭಾಗಕ್ಕೆ, ಯಾವ ದಿನಾಂಕದ ಆದೇಶದಿಂದ ರಕ್ಷಣೆ ಬಂದಿದೆ ಎಂದು ತೋರಿಸುತ್ತದೆ. ಜಾಹೀರಾತನ್ನು ಬಿಟ್ಟು ಅದನ್ನು ಓದಿ. ನಿಮ್ಮದು ನಿಜಕ್ಕೂ ಮುಂಭಾಗ ಮತ್ತು ಚಾವಣಿಗಷ್ಟೇ ಆಗಿದ್ದರೆ, ಒಳಗಿನ ಅಡುಗೆಮನೆ, ಬಚ್ಚಲು ಬದಲಿಸಲು ಅಷ್ಟು ತಾಪತ್ರಯವಿಲ್ಲ. ಹೊರಗೆ ಮಾತ್ರ ಒಂದು ಕಿಟಕಿ ಬದಲಿಸುವುದಕ್ಕೂ ಪ್ರಾದೇಶಿಕ ಸಂಸ್ಕೃತಿ ಕಚೇರಿಯ (‘ದ್ರಾಕ್’ ಎನ್ನುತ್ತಾರೆ) ಒಪ್ಪಿಗೆ ಬೇಕು. ಪ್ಲಾಸ್ಟಿಕ್ ಚೌಕಟ್ಟಿನ ಜೋಡಿ ಗಾಜಿನ ಆಸೆ ಬಿಡಿ. ಹಳೆ ಮರದ ಕಿಟಕಿಯನ್ನು ಹಾಗೇ ಉಳಿಸಿ ಒಳಬದಿಗೆ ಇನ್ನೊಂದು ಕಿಟಕಿ ಕೂರಿಸುವುದು, ಕಿಟಕಿಯ ಒಳಬದಿಯ ಮರದ ಕದಗಳನ್ನು ದುರಸ್ತಿ ಮಾಡಿಸುವುದು, ಇವೇ ಒಪ್ಪಿಗೆ ಸಿಗುವ ದಾರಿಗಳು. ಬರೀ ದುರಸ್ತಿಯೇ ಆದರೂ ಕೆಲಸ ಶುರು ಮಾಡುವ ನಾಲ್ಕು ತಿಂಗಳು ಮೊದಲು ತಿಳಿಸಬೇಕು.

ಈಗ ಚಾವಣಿ. ಇಲ್ಲಿ ಅವಸರ ಬೇಡ. 620 ಚದರ ಮೀಟರ್ ವಾಸದ ಜಾಗ ಎರಡು ಅಂತಸ್ತಿನಲ್ಲಿದ್ದರೆ, ದಪ್ಪ ಗೋಡೆಗಳನ್ನೂ ಸೇರಿಸಿ ಕಟ್ಟಡ ನೆಲದ ಮೇಲೆ ಸುಮಾರು 400 ಚದರ ಮೀಟರ್ ಆವರಿಸುತ್ತದೆ. ಚಾವಣಿ ಅದಕ್ಕಿಂತ ಬಹಳ ದೊಡ್ಡದು. ಇಳಿಜಾರು 45 ಡಿಗ್ರಿ ಇದ್ದರೆ 565 ಚದರ ಮೀಟರ್ ಆಗುತ್ತದೆ. ಶಾತೋಗಳ ಕಡಿದಾದ ಚಾವಣಿಯಂತೆ 60 ಡಿಗ್ರಿ ಇದ್ದರೆ ನೇರ ಎರಡರಷ್ಟು, 800. ಲೆಕ್ಕಕ್ಕೆ ಚದರ ಮೀಟರಿಗೆ 300 ಯೂರೊ ಹಿಡಿಯಿರಿ: 2.4 ಲಕ್ಷ ಯೂರೊ. ಇದರಲ್ಲಿ ಕೆಲಸದವರು ನಿಲ್ಲಲು ಅಟ್ಟಣಿಗೆ ಕಟ್ಟುವ ಖರ್ಚಿಲ್ಲ, ಕೊಳೆತ ತೊಲೆ ಬದಲಿಸುವುದು ಇಲ್ಲ, ಗೋಪುರದ ಶಂಕುವಿನಾಕಾರದ ತುದಿಗೆ ಒಂದೊಂದು ಸ್ಲೇಟನ್ನೂ ಕತ್ತರಿಸಿ ಕೂರಿಸುವ ಕೂಲಿಯೂ ಇಲ್ಲ. ಆದ್ದರಿಂದ ಚಾವಣಿಗೆ ಇನ್ನೂ ಎಷ್ಟು ವರ್ಷ ಆಯುಸ್ಸಿದೆ ಎಂಬುದರ ಮೇಲೆಯೇ ನಿಮ್ಮ ಚೌಕಾಸಿ ನಿಲ್ಲಬೇಕು.

ಒಳ್ಳೆಯ ನೈಸರ್ಗಿಕ ಸ್ಲೇಟು 70ರಿಂದ 100 ವರ್ಷ ಬಾಳುತ್ತದೆ. ಮೊದಲು ಸೋಲುವುದು ಕಲ್ಲಲ್ಲ, ಅದನ್ನು ಹಿಡಿದ ಕೊಕ್ಕೆ. ಹಳೆ ಕಬ್ಬಿಣದ ಕೊಕ್ಕೆ ತುಕ್ಕು ಹಿಡಿದು ಸಪೂರವಾಗುತ್ತಾ ಬಂದು ಒಂದು ಗಾಳಿಗೆ ತುಂಡಾಗುತ್ತದೆ. ಗೋಡೆ ಬುಡದಲ್ಲಿ ಬಿದ್ದ ಸ್ಲೇಟಿನ ಚೂರುಗಳಿದ್ದರೆ ಎತ್ತಿಕೊಂಡು ನೋಡಿ: ಚೂರು ಗಟ್ಟಿಯಾಗಿದ್ದರೆ ಕೊಕ್ಕೆಯ ದೋಷ, ಉಗುರಿಗೆ ಪದರ ಪದರವಾಗಿ ಏಳುತ್ತಿದ್ದರೆ ಸ್ಲೇಟೇ ಮುಗಿದಿದೆ. ಎಲ್ಲ ಚೂರೂ ಒಂದೇ ದಪ್ಪ, ನುಣುಪು ಅಂಚು ಇದ್ದರೆ ಅದು ಸಿಮೆಂಟಿನ ಕೃತಕ ಸ್ಲೇಟು ಇರಬಹುದು. 1997ಕ್ಕಿಂತ ಹಿಂದಿನದಾದರೆ ಅದರಲ್ಲಿ ಆಸ್ಬೆಸ್ಟಸ್ ಇರುವ ಸಾಧ್ಯತೆಯಿದೆ. ಅದನ್ನು ಇಳಿಸುವ ಕೆಲಸಕ್ಕೆ ಪರವಾನಗಿ ಪಡೆದವರೇ ಬೇಕು, ಖರ್ಚೂ ಬೇರೆ.

ಆಮೇಲೆ ಅಟ್ಟ. ಟಾರ್ಚು, ಒಂದು ಸ್ಕ್ರೂಡ್ರೈವರು, ಮರದ ತೇವ ಅಳೆಯುವ ಸಣ್ಣ ಮೀಟರು ಇಟ್ಟುಕೊಂಡು, ಸಾಧ್ಯವಾದರೆ ಮಳೆ ಬರುವಾಗಲೇ ಹತ್ತಿ. ನಡುಮನೆಯ ಕೆತ್ತನೆಯನ್ನು ಎಷ್ಟು ಹೊತ್ತು ನೋಡಿದರೂ ಹೊಸದೇನೂ ತಿಳಿಯುವುದಿಲ್ಲ, ಕಟ್ಟಡದ ಜಾತಕ ಇರುವುದು ಮೇಲೆ. ಟಾರ್ಚು ಆರಿಸಿ ಎರಡು ನಿಮಿಷ ನಿಲ್ಲಿ, ಬೆಳಕಿನ ಚುಕ್ಕಿಗಳು ಎಲ್ಲಿ ಕಾಣುತ್ತವೆಯೋ ಅಲ್ಲಿ ನೀರೂ ಬರುತ್ತದೆ. ನಂತರ ಮೂರು ಜಾಗ ಮುಟ್ಟಿ ನೋಡಿ: ಎರಡು ಇಳಿಜಾರು ಕೂಡುವ ಸಂದು, ಹೊಗೆಗೂಡಿನ ಸುತ್ತ, ಮತ್ತು ಉತ್ತರದ ಗೋಡೆಯೊಳಗೆ ಹೂತಿರುವ ತೊಲೆಯ ತುದಿ. ತೊಲೆಯ ನಡುಭಾಗ ಕಬ್ಬಿಣದ ಹಾಗಿದ್ದರೂ ಗೋಡೆಯೊಳಗಿನ ಒಂದು ಮೊಳ ಹುಡಿಯಾಗಿರುತ್ತದೆ, ಹೊರಗೆ ಥಳಕು ಒಳಗೆ ಹುಳುಕು ಎಂಬುದು ಇಲ್ಲಿ ಅಕ್ಷರಶಃ ನಿಜ. ಸ್ಕ್ರೂಡ್ರೈವರು ಸಲೀಸಾಗಿ ಒಳಗಿಳಿದರೆ ಫೋಟೊ ತೆಗೆದಿಟ್ಟುಕೊಳ್ಳಿ.

ಮೀಟರು ಶೇ 20ರ ಮೇಲೆ ತೋರಿಸಿದ ಮರಕ್ಕೆ ‘ಮೆರ್ಯುಲ್’ ಎಂಬ ಶಿಲೀಂಧ್ರದ ಭಯವಿದೆ. ಕತ್ತಲು, ತೇವ, ಗಾಳಿಯಾಡದ ಜಾಗ ಅದಕ್ಕೆ ಪ್ರೀತಿ. ಮರವನ್ನು ಸಣ್ಣ ಘನಗಳಾಗಿ ಒಡೆಯುವಂತೆ ತಿನ್ನುತ್ತದೆ, ಸುತ್ತ ತುಕ್ಕಿನ ಬಣ್ಣದ ಹುಡಿ ಉದುರಿಸುತ್ತದೆ, ಕಲ್ಲುಗೋಡೆಯನ್ನು ಹಾದು ಪಕ್ಕದ ಕೋಣೆಗೆ ದಾಟುತ್ತದೆ. ಗೆದ್ದಲಿಗೆ ಔಷಧ ಹೊಡೆದ ಹಾಗೆ ಇದನ್ನು ಹೊಡೆದು ಮುಗಿಸಲಾಗದು. ನೀರಿನ ಮೂಲ ನಿಲ್ಲಿಸಿ, ಗಾರೆ ಕೆರೆದು, ಸೋಂಕು ತಗುಲಿದ ಮರವನ್ನು ಆಚೀಚೆ ಇನ್ನೂ ಒಂದಷ್ಟು ಸೇರಿಸಿ ಕತ್ತರಿಸಿ ತೆಗೆಯಬೇಕು. ಗೋಡೆಗೆ ಹೊದಿಸಿದ ಚಂದದ ಮರದ ಹಲಗೆಗಳ ಹಿಂದೆ ಇದು ಅಡಗಿರುತ್ತದೆ. ಹಲಗೆಯ ಬುಡಕ್ಕೆ ಮೂಗು ಹತ್ತಿರ ಹಿಡಿದರೆ ಅಣಬೆಯ ವಾಸನೆ ಬರುತ್ತದೆ.

ಹೊರಗೆ ಬಂದು ಮಳೆನೀರು ಹರಿಯುವ ಸತುವಿನ ತಗಡಿನ ದೋಣಿಗಳನ್ನೂ ಅವುಗಳಿಂದ ಇಳಿಯುವ ಕೊಳವೆಗಳನ್ನೂ ನೋಡಿ. ಕೊಳವೆಯ ಬುಡದ ಎರಕದ ಕಬ್ಬಿಣದ ತುಂಡಿಗೆ ಫ್ರೆಂಚರು ‘ದೋಫಾಂ’, ಅಂದರೆ ಡಾಲ್ಫಿನ್, ಎನ್ನುತ್ತಾರೆ. ಅದು ಬಿರುಕು ಬಿಟ್ಟು ನೀರು ಗೋಡೆ ಬುಡಕ್ಕೇ ಸುರಿಯುತ್ತಿದ್ದರೆ, ಒಳಗಿನ ತೇವ ಎಲ್ಲಿಂದ ಬಂತೆಂದು ಬೇರೆ ತಜ್ಞರನ್ನು ಕೇಳಬೇಕಾಗಿಲ್ಲ. ನೀವು ಅಲ್ಲಿ ನೆಲೆಸಿದ ಮೇಲೂ ವರ್ಷಕ್ಕೆ ಎರಡು ಸಲ, ಎಲೆ ಉದುರಿ ಮುಗಿದಾಗ ಒಮ್ಮೆ, ವಸಂತದಲ್ಲಿ ಇನ್ನೊಮ್ಮೆ, ದೋಣಿಗಳನ್ನು ಸ್ವಚ್ಛ ಮಾಡಿಸಲೇಬೇಕು. ಕೆಲವು ನೂರು ಯೂರೊ ಉಳಿಸಲು ಇದನ್ನು ಬಿಟ್ಟವರು ತೊಲೆ ಕಳೆದುಕೊಳ್ಳುತ್ತಾರೆ. ಚಾವಣಿ ಹೋದ ಶಾತೋದ ಗತಿ ನೋಡಬೇಕೆಂದರೆ ವಿಯೆನ್ ಜಿಲ್ಲೆಯ ಲಾ ಮೋತ್-ಶಾಂದನಿಯೆ ಇದೆ. 1932ರಲ್ಲಿ ಬೆಂಕಿಗೆ ಚಾವಣಿ ಹೋಯಿತು, ಕೋಣೆಗಳೊಳಗೆ ಮರಗಳೇ ಬೆಳೆದು ನಿಂತವು. 2017ರಲ್ಲಿ ಸಾವಿರಾರು ಜನ ತಲಾ ಐವತ್ತು ಯೂರೊದಿಂದ ವಂತಿಗೆ ಹಾಕಿ 5 ಲಕ್ಷ ಯೂರೊಗೆ ಆ ಅವಶೇಷವನ್ನು ಕೊಂಡರು.

ಲಿಮೂಜ್ ಸೀಮೆಯ ಗೋಡೆ ಗ್ರಾನೈಟಿನದು. ಕಲ್ಲು ಗಟ್ಟಿ, ಆದರೆ ನಡುವಿನ ಗಾರೆ ಸುಣ್ಣ ಇಲ್ಲವೇ ಮಣ್ಣಿನದು. ನೆಲದಿಂದ ಏರುವ ತೇವ ಆ ಸುಣ್ಣದ ಮೂಲಕವೇ ಹೊರಗೆ ಆರಿಹೋಗಬೇಕು, ನಮ್ಮ ಹಳೆ ತೊಟ್ಟಿಮನೆಗಳ ಗೋಡೆಯ ರೀತಿಯೇ. ಕಳೆದ ಶತಮಾನದಲ್ಲಿ ಯಾರೋ ಚೊಕ್ಕವಾಗಿ ಸಿಮೆಂಟು ಬಳಿದಿದ್ದರೆ ತೇವಕ್ಕೆ ದಾರಿ ಮುಚ್ಚಿ ಅದು ಒಳಗೋಡೆಯಲ್ಲಿ ಇನ್ನೂ ಮೇಲಕ್ಕೆ ಹತ್ತುತ್ತದೆ, ಬಿಳಿ ಉಪ್ಪು ಅರಳುತ್ತದೆ, ಬಣ್ಣ ಸಿಪ್ಪೆ ಏಳುತ್ತದೆ. ಮದ್ದು ಸುಲಭ, ಬೆವರು ಮಾತ್ರ ಬೇಕು: ಸಿಮೆಂಟು ಕಿತ್ತು, ಗೋಡೆ ಆರಲು ಒಂದು ಬೇಸಿಗೆಯಾದರೂ ಬಿಟ್ಟು, ಸುಣ್ಣದ ಗಾರೆಯಲ್ಲೇ ಸಂದು ತುಂಬಿಸುವುದು. ಗೋಡೆಗೆ ರಾಸಾಯನಿಕ ಚುಚ್ಚಿ ತೇವ ನಿಲ್ಲಿಸುತ್ತೇವೆ ಎನ್ನುವವರಿಗೆ ಕೊಡುವ ಹಣ, ಕಲ್ಲು ಮಣ್ಣು ತುಂಬಿದ ಇಂಥ ದಪ್ಪ ಗೋಡೆಗಳ ಮಟ್ಟಿಗೆ, ಬಹುತೇಕ ವ್ಯರ್ಥ.

ಗ್ರಾನೈಟಿನ ಇನ್ನೊಂದು ಕೊಡುಗೆ ರೇಡಾನ್. ನೆಲದಿಂದ ಏಳುವ, ಬಣ್ಣ ವಾಸನೆ ಯಾವುದೂ ಇಲ್ಲದ ವಿಕಿರಣಶೀಲ ಅನಿಲವಿದು. ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಆ ಸೀಮೆಯ ಬಹುಭಾಗ ಅತಿ ಹೆಚ್ಚಿನ, ಅಂದರೆ ಮೂರನೇ, ವಲಯದಲ್ಲಿದೆ. ಫ್ರಾನ್ಸಿನ ಮಾರ್ಗದರ್ಶಿ ಮಿತಿ ಘನ ಮೀಟರಿಗೆ 300 ಬೆಕೆರೆಲ್. ಚಳಿಗಾಲದಲ್ಲಿ ಎರಡು ತಿಂಗಳು ಮಾಪಕ ಇಟ್ಟು ಅಳೆಯಿರಿ. ಹೆಚ್ಚಿದ್ದರೂ ಗಾಬರಿ ಬೇಡ. ನೆಲಮಾಳಿಗೆಗೆ ಗಾಳಿ ಆಡಿಸುವುದು, ನೆಲದ ಬಿರುಕು ಮುಚ್ಚುವುದು ಇವುಗಳಿಂದ ತಗ್ಗುತ್ತದೆ.

ಚಳಿಯ ಲೆಕ್ಕ ಬಹಳ ಜನ ತಪ್ಪುತ್ತಾರೆ. ಕೋಣೆಯ ಎತ್ತರ 4 ಮೀಟರ್ ಇದ್ದರೆ ನಿಮ್ಮ ಮನೆಯೊಳಗಿನ ಗಾಳಿ ಸುಮಾರು 2,500 ಘನ ಮೀಟರ್. ನಿರೋಧಕ ಹೊದಿಕೆಯಿಲ್ಲದ ಕಟ್ಟಡಕ್ಕೆ ಘನ ಮೀಟರಿಗೆ 40 ವಾಟ್ ಹಿಡಿದರೂ 100 ಕಿಲೋವಾಟ್ ಆಯಿತು. ಮನೆಗಳಿಗೆ ಕೊಡುವ ಸಾಮಾನ್ಯ ವಿದ್ಯುತ್ ಸಂಪರ್ಕದ ಮಿತಿ 36 ಕೆವಿಎ (ಹೆಚ್ಚೂಕಡಿಮೆ 36 ಕಿಲೋವಾಟ್), ಆದ್ದರಿಂದ ಬರೀ ವಿದ್ಯುತ್ ಹೀಟರುಗಳಿಂದ ಇಡೀ ಮನೆ ಬಿಸಿಯಾಗದು. ಹೊಸ ತೈಲ ಬಾಯ್ಲರು ಕೂರಿಸುವಂತಿಲ್ಲ, 2022ರ ಜುಲೈಯಿಂದ ಅದಕ್ಕೆ ತಡೆ ಬಿದ್ದಿದೆ. ಈಗಿರುವುದನ್ನು ದುರಸ್ತಿ ಮಾಡಿ ಓಡಿಸಬಹುದು ಅಷ್ಟೆ. ಅಲ್ಲಿ ಹಳಬರು ಮಾಡುವುದು ಇಷ್ಟೇ: ದಕ್ಷಿಣಕ್ಕೆ ಮುಖ ಮಾಡಿದ ನಾಲ್ಕೈದು ಕೋಣೆ, 200 ಚದರ ಮೀಟರಿನಷ್ಟು, ಆರಿಸಿಕೊಂಡು ಚಳಿಗಾಲವನ್ನು ಅಲ್ಲೇ ಕಳೆಯುವುದು. ಉಳಿದ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟದಂತೆ ನೋಡಿಕೊಂಡರಾಯಿತು. ಆ 200 ಚದರ ಮೀಟರಿಗೆ ವರ್ಷಕ್ಕೆ 40,000 ಕಿಲೋವಾಟ್ ಗಂಟೆ ಬೇಕೆಂದರೆ ಮರದ ಹುಡಿಯ ಗುಳಿಗೆ, ಅಂದರೆ ಪೆಲೆಟ್, ಎಂಟೂವರೆ ಟನ್ ಬೇಕು. ಅದನ್ನು ತುಂಬಿಡಲು ಒಣ ಕೋಣೆ, ಅದರ ಬಾಗಿಲಿಗೆ ಲಾರಿ ಬರುವ ದಾರಿ ಇದೆಯೇ ನೋಡಿ. ಅಟ್ಟದ ನೆಲದ ಮೇಲೆ ನಿರೋಧಕ ಹಾಸುವುದು ಎಲ್ಲಕ್ಕಿಂತ ಅಗ್ಗದ ಉಳಿತಾಯ, ಅದರಿಂದ ಚಾವಣಿಯ ರೂಪವೂ ಬದಲಾಗುವುದಿಲ್ಲ.

ಊರಿನ ಒಳಚರಂಡಿ ಅಲ್ಲಿಗೆ ತಲುಪಿರುವುದು ಅನುಮಾನ. ಸ್ವಂತ ಗುಂಡಿಯಿದ್ದರೆ ‘ಸ್ಪಾಂಕ್’ ಎಂಬ ಸ್ಥಳೀಯ ಸೇವೆ ಪರೀಕ್ಷಿಸಿ ಕೊಟ್ಟ, ಮೂರು ವರ್ಷ ದಾಟದ ವರದಿಯನ್ನು ಮಾರುವವರು ಕೊಡಬೇಕು. ನಿಯಮಕ್ಕೆ ಹೊಂದುವುದಿಲ್ಲ ಎಂದಿದ್ದರೆ ಕೊಂಡ ಒಂದು ವರ್ಷದೊಳಗೆ ಸರಿಪಡಿಸುವ ಹೊಣೆ ನಿಮ್ಮದು. ಗಾತ್ರವನ್ನು ಮುಖ್ಯ ಕೋಣೆಗಳ ಸಂಖ್ಯೆಯ ಮೇಲೆ ನಿಗದಿ ಮಾಡುತ್ತಾರೆ. ಹದಿನೈದು ಕೋಣೆಯ ಮನೆಗೆ ನೀವು ಇಬ್ಬರೇ ಇದ್ದರೂ ಹದಿನೈದು ಜನರ ಲೆಕ್ಕ. ಗ್ರಾನೈಟು ಅಗೆಯುವ ಖರ್ಚು ಮೇಲೆ.

9 ಹೆಕ್ಟೇರಿನಲ್ಲಿ ಪಕ್ಕದ ರೈತರು ದನ ಮೇಯಿಸುತ್ತಿದ್ದಾರೆಯೇ? ‘ಬಾಯಿಮಾತಿನ ಏರ್ಪಾಡು’ ಎಂಬ ಉತ್ತರ ಬಂದರೆ ಎಚ್ಚರ. ಬಾಡಿಗೆ ಪಡೆದಿದ್ದರೆ ಬರಹವಿಲ್ಲದಿದ್ದರೂ ಅದು ಕನಿಷ್ಠ ಒಂಬತ್ತು ವರ್ಷದ ಗೇಣಿ ಎನಿಸಬಹುದು. ಆ ರೈತರಿಗೆ ಆ ಜಮೀನನ್ನು ಮೊದಲು ಕೊಳ್ಳುವ ಹಕ್ಕೂ ಬರಬಹುದು. ಇದಲ್ಲದೆ ಕೃಷಿಭೂಮಿ ಕೈಬದಲಾಗುವಾಗ, ಅಂಥ ಮಾರಾಟಗಳ ಮೇಲೆ ಕಣ್ಣಿಡುವ ‘ಸಾಫೇರ್’ ಸಂಸ್ಥೆಗೆ ತಾನೇ ಕೊಳ್ಳುತ್ತೇನೆ ಎನ್ನಲು ಎರಡು ತಿಂಗಳ ಅವಕಾಶವಿದೆ. ಪುರಸಭೆಯಲ್ಲಿ ಸುತ್ತಮುತ್ತ ಗಾಳಿಯಂತ್ರದ ಯೋಜನೆ ಇದೆಯೇ ಎಂದೂ ವಿಚಾರಿಸಿ.

ಇನ್ನು ಕಾಗದ, ಹಣ. ‘ನೊತೇರ್’ ಎಂದರೆ ನಮ್ಮ ಕೋರ್ಟಿನ ಮುಂದೆ ಮೊಹರು ಒತ್ತುವ ನೋಟರಿಯಲ್ಲ. ಕಾನೂನು ಓದಿ ಸರ್ಕಾರದ ಪರವಾಗಿ ಕ್ರಯಪತ್ರ ಮಾಡಿಸುವ ಅಧಿಕಾರಿ ಅವರು. ನಮ್ಮಲ್ಲಿ ಇಸಿ ತೆಗೆಸಿ ನೋಡುವ ಕೆಲಸವನ್ನೂ ಅವರೇ ಮಾಡುತ್ತಾರೆ. ಮಾರುವವರ ನೊತೇರ್ ಇದ್ದರೂ ನಿಮ್ಮದೇ ಒಬ್ಬರನ್ನು ಇಟ್ಟುಕೊಳ್ಳಿ. ಶುಲ್ಕವನ್ನು ಅವರಿಬ್ಬರೂ ಹಂಚಿಕೊಳ್ಳುತ್ತಾರೆ, ನಿಮಗೆ ಹೆಚ್ಚು ಬೀಳುವುದಿಲ್ಲ. ಹಳೆ ಮನೆಗೆ ತೆರಿಗೆ, ಶುಲ್ಕ ಎಲ್ಲ ಸೇರಿ ಬೆಲೆಯ ಶೇ 7ರಿಂದ 8, ಅಂದರೆ ನಿಮಗೆ 50,000 ಯೂರೊ ಆಸುಪಾಸು.

ಮೊದಲ ಸಹಿ ‘ಕೊಂಪ್ರೊಮಿ’ ಎಂಬ ಕರಾರಿಗೆ. ಮುಂಗಡ ಶೇ 5ರಿಂದ 10, ಅದು ನೊತೇರ್ ಖಾತೆಯಲ್ಲಿರಲಿ, ಮಾರುವವರ ಕೈಗೆ ಬೇಡ. ಸಹಿ ಮಾಡಿದ ಕರಾರು ನೋಂದಾಯಿತ ಅಂಚೆಯಲ್ಲಿ ಬಂದ ಮರುದಿನದಿಂದ ಹತ್ತು ದಿನ ನೀವು ಕಾರಣ ಕೊಡದೆ ಹಿಂದೆ ಸರಿಯಬಹುದು. ಆಸ್ತಿ ಹಿಡಿಯುವುದಕ್ಕೆಂದೇ ಎಸ್‌ಸಿಐ ಎಂಬ ಕುಟುಂಬ ಕಂಪನಿ ಮಾಡಿ ಅದರ ಹೆಸರಲ್ಲಿ ಕೊಂಡರೆ ಈ ರಕ್ಷಣೆ ಸಿಗುವುದಿಲ್ಲ, ಇದನ್ನು ಏಜೆಂಟರು ಹೇಳುವುದು ಕಡಿಮೆ. ಹತ್ತು ದಿನದ ನಂತರ ನಿಮ್ಮನ್ನು ಕಾಯುವುದು ಕರಾರಿನಲ್ಲಿ ಬರೆಸಿದ ಷರತ್ತುಗಳು ಮಾತ್ರ. ಸಾಲ ಮಂಜೂರಾಗದಿದ್ದರೆ ಕರಾರು ರದ್ದು, ಸಾಫೇರ್ ಕೊಂಡರೆ ರದ್ದು, ಮೆರ್ಯುಲ್ ಸಿಕ್ಕರೆ ರದ್ದು ಎಂದು ಸ್ಪಷ್ಟವಾಗಿ ಬರೆಸಿ. ‘ಸಾಲ ಬೇಕಿಲ್ಲ’ ಎಂದು ಕೈಬರಹದಲ್ಲಿ ಬರೆದುಕೊಟ್ಟರೆ ಮೊದಲ ಷರತ್ತು ಹೋದಂತೆಯೇ.

ಬ್ರಿಟನ್ನಿನಂತೆ ಕೊಳ್ಳುವ ಮುನ್ನ ಕಟ್ಟಡ ಪರೀಕ್ಷೆ ಮಾಡಿಸುವ ರೂಢಿ ಫ್ರಾನ್ಸಿನಲ್ಲಿಲ್ಲ. ಸೀಸ, ಆಸ್ಬೆಸ್ಟಸ್, ವಿದ್ಯುತ್, ಇಂಧನ ಬಳಕೆ ಮುಂತಾದ ಕಡ್ಡಾಯ ವರದಿಗಳ ಕಟ್ಟು ಸಿಗುತ್ತದೆ, ಆದರೆ ಚಾವಣಿ ನಿಲ್ಲುತ್ತದೆಯೇ ಎಂಬುದು ಅದರಲ್ಲಿ ಒಂದು ಸಾಲೂ ಇರುವುದಿಲ್ಲ. ‘ಗುಪ್ತ ದೋಷಕ್ಕೆ ಮಾರುವವರು ಹೊಣೆಯಲ್ಲ’ ಎಂಬ ಸಾಲು ಮಾತ್ರ ಕ್ರಯಪತ್ರದಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಹಳೆ ಕಟ್ಟಡಗಳಲ್ಲೇ ಪರಿಣತಿ ಪಡೆದ ವಾಸ್ತುಶಿಲ್ಪಿ (‘ಆರ್ಶಿಟೆಕ್ತ್ ದ್ಯು ಪಾತ್ರಿಮ್ವಾನ್’) ಒಬ್ಬರಿಗೆ ಸಂಬಳ ಕೊಟ್ಟು, ಜೊತೆಗೆ ಸ್ಲೇಟು ಕೆಲಸದವರೊಬ್ಬರನ್ನು ಕರೆದೊಯ್ಯಿರಿ. ಅವರ ಲಿಖಿತ ಅಂದಾಜೇ ನಿಮ್ಮ ಚೌಕಾಸಿಯ ಆಯುಧ.

ಬೆಂಗಳೂರಿನ ಸೈಟಿನ ಹಣ ನಂಬಿ ತಾರೀಖು ಒಪ್ಪಬೇಡಿ. ನೀವು ಅನಿವಾಸಿಯಾದ್ದರಿಂದ ಕೊಳ್ಳುವವರು ಹಿಡಿಯುವ ಟಿಡಿಎಸ್ ಇಲ್ಲಿನ ನಿವಾಸಿಗಳಿಗಿರುವ ಶೇ 1 ಅಲ್ಲ, ಅದಕ್ಕಿಂತ ಬಹಳ ಹೆಚ್ಚು. ಕಡಿಮೆ ದರದ ಪ್ರಮಾಣಪತ್ರವನ್ನು ಮಾರಾಟಕ್ಕೆ ಮುಂಚೆಯೇ ತರಬೇಕು. ಹಣ ಅನಿವಾಸಿಗಳ ಎನ್‌ಆರ್‌ಒ ಬ್ಯಾಂಕ್ ಖಾತೆಗೆ ಬಂದ ಮೇಲೆ ಲೆಕ್ಕಪರಿಶೋಧಕರ ಪ್ರಮಾಣಪತ್ರದೊಂದಿಗೆ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಇದಕ್ಕೆಲ್ಲ ತಿಂಗಳುಗಳು ಹಿಡಿಯುತ್ತವೆ. ಹಣದ ಮೂಲದ ಕಾಗದವನ್ನು ನೊತೇರ್ ಕೂಡ ಕೇಳುತ್ತಾರೆ, ಆದ್ದರಿಂದ ಮೊದಲು ಸೈಟು ಮಾರಿ, ಆಮೇಲೆ ಕೊಂಪ್ರೊಮಿ. ಆ ಲಾಭವನ್ನು ಫ್ರಾನ್ಸಿನ ತೆರಿಗೆ ವಿವರದಲ್ಲೂ ತೋರಿಸಬೇಕು. (ಭಾರತದಲ್ಲೇ ಇರುವ ಓದುಗರಿಗೆ ದಾರಿ ಬೇರೆ: ಹೊರದೇಶಕ್ಕೆ ಹಣ ಕಳಿಸುವ ಎಲ್‌ಆರ್‌ಎಸ್ ಯೋಜನೆಯಡಿ ತಲಾ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. ಮನೆ ಕೊಂಡ ಮಾತ್ರಕ್ಕೆ ಫ್ರಾನ್ಸಿನಲ್ಲಿ ಇರುವ ಹಕ್ಕು ಬರುವುದೂ ಇಲ್ಲ.)

ಆಂಸ್ಕ್ರಿ ಕಟ್ಟಡಕ್ಕೆ ಲಾಭವೂ ಉಂಟು. ರಕ್ಷಿತ ಭಾಗದ ದುರಸ್ತಿಗೆ ಸರ್ಕಾರದ ನೆರವು ಕಾನೂನಿನ ಪ್ರಕಾರ ಶೇ 40ರವರೆಗೆ ಹೋಗಬಹುದು, ಕೈಗೆ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಮಂಜೂರಿಗೆ ಮೊದಲೇ ಕೆಲಸ ಶುರು ಮಾಡಿದರೆ ಅದೂ ಇಲ್ಲ. ದುರಸ್ತಿ ಖರ್ಚನ್ನು ನಿಮ್ಮ ಆದಾಯದಿಂದ ಕಳೆಯಬಹುದು: ಸಾರ್ವಜನಿಕರಿಗೆ ತೆರೆದಿಟ್ಟರೆ ಪೂರ್ತಿ, ಇಲ್ಲದಿದ್ದರೆ ಅರ್ಧ. ತೆರೆದಿಡುವುದೆಂದರೆ ಜುಲೈಯಿಂದ ಸೆಪ್ಟೆಂಬರಿನೊಳಗೆ 40 ದಿನ, ಅಥವಾ ಏಪ್ರಿಲ್‌ನಿಂದ ಸೆಪ್ಟೆಂಬರಿನೊಳಗೆ 25 ರಜಾದಿನ ಸೇರಿ 50 ದಿನ. ಬದಲಿಗೆ 15 ವರ್ಷ ಮಾರದೆ ಇಟ್ಟುಕೊಳ್ಳುವ ಮಾತು ಕೊಡಬೇಕು. ಇಬ್ಬರ ಸಂಬಳಕ್ಕೂ ಫ್ರಾನ್ಸಿನಲ್ಲೇ ತೆರಿಗೆ ಬೀಳುವುದರಿಂದ ನಿಮಗೆ ಇದು ನಿಜಕ್ಕೂ ಉಪಯೋಗದ್ದು. 1924ರಿಂದ ಇರುವ ‘ಲಾ ದಮರ್ ಇಸ್ತೊರಿಕ್’ ಎಂಬ ಮಾಲೀಕರ ಸಂಘದವರು ಈ ತೆರಿಗೆಯ ಸೂಕ್ಷ್ಮಗಳನ್ನು ಚೆನ್ನಾಗಿ ಬಲ್ಲರು.

ಮಕ್ಕಳಿದ್ದರೆ ಆಸ್ತಿ ಯಾರ ಹೆಸರಲ್ಲಿ ಎಂಬುದನ್ನು ಕರಾರಿಗೆ ಮೊದಲೇ ತೀರ್ಮಾನಿಸಿ. ಫ್ರೆಂಚ್ ಕಾನೂನಿನಲ್ಲಿ ಒಂದು ಮಗುವಿಗೆ ಅರ್ಧ, ಇಬ್ಬರಿಗೆ ಸೇರಿ ಮೂರನೇ ಎರಡು, ಮೂವರು ಅಥವಾ ಹೆಚ್ಚಿಗೆ ನಾಲ್ಕನೇ ಮೂರು ಭಾಗ ಮೀಸಲು. ಉಯಿಲು ಅದನ್ನು ದಾಟಲಾರದು.

ವಿಮೆಯನ್ನು ಸಹಿಯ ದಿನಕ್ಕೆ ಬಿಡಬೇಡಿ, ಅಂಥ ಕಟ್ಟಡವನ್ನು ಕೆಲವು ಕಂಪನಿಗಳು ಮುಟ್ಟುವುದಿಲ್ಲ. ಮನೆ ಎಷ್ಟು ದಿನ ಖಾಲಿಯಿದ್ದರೆ ಕಳ್ಳತನದ ರಕ್ಷಣೆ ನಿಲ್ಲುತ್ತದೆ ಎಂಬ ಸಾಲನ್ನು ಓದಿ. ಹೊಗೆಗೂಡು ಗುಡಿಸಿದ ಪ್ರಮಾಣಪತ್ರಗಳನ್ನು ಎತ್ತಿಡಿ, ಬೆಂಕಿ ಬಿದ್ದಾಗ ಮೊದಲು ಕೇಳುವುದು ಅದನ್ನೇ. ಕೆಲಸದವರಿಗೆ ಮುಂಗಡ ಕೊಡುವ ಮೊದಲು ಅವರ ಹತ್ತು ವರ್ಷದ ಹೊಣೆಯ ವಿಮೆಪತ್ರ ನೋಡಿ.

ಅಪ್ಪ ಅಮ್ಮನ ವೀಸಾಕ್ಕೆ ಬೇಕಾದ ಆತಿಥ್ಯ ಪತ್ರವನ್ನು ನೀವು ವಾಸವಿರುವ ಊರಿನ ಪುರಸಭೆಯೇ ಕೊಡುತ್ತದೆ. 180 ದಿನಗಳಲ್ಲಿ 90 ದಿನ ಇರಬಹುದು. ಮೇ ತಿಂಗಳಿಂದ ಸೆಪ್ಟೆಂಬರಿನೊಳಗೆ ಯಾವಾಗಲಾದರೂ ಕರೆಸಿಕೊಳ್ಳಿ, ಉಳಿದ ಕಾಲದಲ್ಲಿ ಆ ಕಲ್ಲಿನ ಮನೆ ಧಾರವಾಡದವರಿಗೆ ಕಷ್ಟ. ಅವರಿಗೊಂದು ಕೋಣೆ, ಬಚ್ಚಲು ಕೆಳ ಅಂತಸ್ತಿನಲ್ಲೇ ಇರಲಿ, ಸುರುಳಿ ಮೆಟ್ಟಿಲು ವಯಸ್ಸಾದವರ ಮೊಣಕಾಲಿಗಲ್ಲ. ಹತ್ತಿರದ ತುರ್ತು ಚಿಕಿತ್ಸೆ ಎಷ್ಟು ನಿಮಿಷ ದೂರ ಎಂದು ಗಡಿಯಾರ ಹಿಡಿದು ನೋಡಿ.

ಬೆಲೆ, ನೋಂದಣಿ ಎಲ್ಲ ಕಳೆದು ಕೈಯಲ್ಲಿ ಕನಿಷ್ಠ 2.5 ಲಕ್ಷ ಯೂರೊ ಉಳಿಯದಿದ್ದರೆ ಈ ಮನೆ ಬೇಡ ಎಂಬುದು ನಮ್ಮ ಅಭಿಪ್ರಾಯ. ಉಳಿಯುತ್ತದೆ ಎಂದಾದರೆ ಈ ವಾರವೇ ಏಜೆಂಟರಿಂದ ನಾಲ್ಕು ಕಾಗದ ತರಿಸಿ: ಆಂಸ್ಕ್ರಿ ಆದೇಶದ ಪ್ರತಿ, ಸ್ಪಾಂಕ್ ವರದಿ, ಮೂರು ವರ್ಷದ ಇಂಧನ ಬಿಲ್ಲು ಮತ್ತು ಭೂತೆರಿಗೆ ರಸೀತಿ, ಚಾವಣಿಗೆ ಕೊನೆಯ ಸಲ ಯಾರು ಯಾವಾಗ ಕೈ ಹಾಕಿದರು ಎಂಬುದರ ಬಿಲ್ಲು. ಕೊನೆಯ ಬಿಲ್ಲು ಸಿಗುತ್ತಿಲ್ಲ ಎಂದರೆ, ಚಾವಣಿ ಪೂರ್ತಿ ಬದಲಿಸಬೇಕು ಎಂದೇ ಲೆಕ್ಕ ಹಿಡಿದು ಬೆಲೆ ಹೇಳಿ.